ವರ್ಷಕ್ಕೆರಡು ಸಲ ಚಕ್ರ ಬದಲು: ಸೊಂಟ ಹಿಡಿಯದಂತೆ ಮಾಡುವ ಬಗೆ

ಜರ್ಮನಿಯಲ್ಲಿ ಕಾರು ಇಟ್ಟುಕೊಂಡವರಿಗೆ ಅಕ್ಟೋಬರ್ ಬಂತೆಂದರೆ ಒಂದು ಕೆಲಸ ಕಾದಿರುತ್ತದೆ. ಬೇಸಿಗೆಯ ನಾಲ್ಕು ಚಕ್ರ ಬಿಚ್ಚಿ ಚಳಿಗಾಲದ ನಾಲ್ಕು ಚಕ್ರ ಹಾಕಬೇಕು. ಈಸ್ಟರ್ ಕಳೆದ ಮೇಲೆ ಮತ್ತೆ ಅದೇ ಕೆಲಸ, ಹಿಂದುಮುಂದಾಗಿ. ಅಲ್ಲಿನ ಕಾನೂನು ಇಂಥ ತಾರೀಖು ಎಂದು ಹೇಳುವುದಿಲ್ಲ. ರಸ್ತೆಯ ಮೇಲೆ ಹಿಮ, ಮಂಜುಗಡ್ಡೆ, ಕೆಸರಾದ ಹಿಮ ಇದ್ದಾಗ ಕಾರಿನಲ್ಲಿ ಬೆಟ್ಟ ಮತ್ತು ಹಿಮಹರಳಿನ ಗುರುತಿರುವ ಟೈರ್ ಇರಬೇಕು, ಅಷ್ಟೇ. ಇಲ್ಲದೆ ಓಡಿಸಿ ಸಿಕ್ಕಿಬಿದ್ದರೆ 60 ಯೂರೋ ದಂಡ, ಜೊತೆಗೆ ಲೈಸೆನ್ಸಿನ ಲೆಕ್ಕಕ್ಕೆ ತಪ್ಪಿನ ಒಂದು ಪಾಯಿಂಟ್. ಬರೀ ಎಂ+ಎಸ್ (ಕೆಸರು ಮತ್ತು ಹಿಮ) ಎಂದು ಬರೆದಿರುವ ಹಳೆಯ ಟೈರುಗಳಿಗೆ ಇದ್ದ ರಿಯಾಯಿತಿ 2024ರ ಸೆಪ್ಟೆಂಬರ್ 30ಕ್ಕೆ ಮುಗಿಯಿತು. ಸ್ವೀಡನ್ನಿನಲ್ಲಿ ಡಿಸೆಂಬರ್ 1ರಿಂದ ಮಾರ್ಚ್ 31ರವರೆಗೆ ಚಳಿಗಾಲದ ರಸ್ತೆ ಇದ್ದಷ್ಟು ದಿನ ಇಂಥ ಟೈರ್ ಕಡ್ಡಾಯ. ಕೆನಡಾದ ಕ್ವಿಬೆಕ್‌ನಲ್ಲಿ ಡಿಸೆಂಬರ್ 1ರಿಂದ ಮಾರ್ಚ್ 15ರವರೆಗೆ.

ನಮ್ಮ ಊರಿನಲ್ಲಿ ಪಂಕ್ಚರ್ ಆದರೆ ಬಿಚ್ಚುವುದು ಒಂದೇ ಚಕ್ರ, ಅದನ್ನೂ ಹೆಚ್ಚಿನ ಸಲ ಪಂಕ್ಚರ್ ಅಂಗಡಿಯವರೇ ಮಾಡಿಕೊಡುತ್ತಾರೆ. ಮ್ಯೂನಿಕ್‌ನಲ್ಲೋ ಮಾಂಟ್ರಿಯಲ್‌ನಲ್ಲೋ ನೆಲೆಸಿದವರು ಮೊದಲ ಸಲ ನಾಲ್ಕನ್ನೂ ತಾವೇ ಬದಲಿಸಿದ ಮರುದಿನ ಹಾಸಿಗೆಯಿಂದ ಏಳಲು ಒದ್ದಾಡುವುದು ಮಾಮೂಲು. ಅದು ವಯಸ್ಸಿನಿಂದಲೋ ಅಶಕ್ತಿಯಿಂದಲೋ ಅಲ್ಲ, ಕೆಲಸ ಮಾಡಿದ ರೀತಿಯಿಂದ. ರೀತಿ ಬದಲಿಸಿದರೆ ಇಡೀ ಕೆಲಸದಲ್ಲಿ ಒಂದೇ ಒಂದು ಚಕ್ರವನ್ನೂ ಕೈಯಲ್ಲಿ ಎತ್ತದೆ ಮುಗಿಸಬಹುದು.

ಸೊಂಟಕ್ಕೆ ಪೆಟ್ಟು ಎಲ್ಲಿಂದ ಬೀಳುತ್ತದೆ

205/55 ಆರ್16 ಅಳತೆಯ ಸಾಧಾರಣ ಚಕ್ರವನ್ನೇ ತೆಗೆದುಕೊಳ್ಳಿ. ಹೊರ ವ್ಯಾಸ ಸುಮಾರು 63 ಸೆಂಟಿಮೀಟರ್, ಕಬ್ಬಿಣದ ರಿಮ್ ಸೇರಿ ತೂಕ ಹೆಚ್ಚುಕಡಿಮೆ 18 ಕಿಲೋ. ದೊಡ್ಡ ಎಸ್‌ಯುವಿ, ಎಲೆಕ್ಟ್ರಿಕ್ ಕಾರುಗಳ 19-20 ಇಂಚಿನ ಚಕ್ರಗಳು 25 ಕಿಲೋ ದಾಟುತ್ತವೆ. 18 ಕಿಲೋ ಎಂದರೆ ಅಕ್ಕಿ ಚೀಲಕ್ಕಿಂತ ಕಡಿಮೆಯೇ ಎನಿಸಬಹುದು. ಆದರೆ ಅಕ್ಕಿ ಚೀಲವನ್ನು ಎದೆಗೆ ಒತ್ತಿಕೊಳ್ಳುತ್ತೇವೆ, ಚಕ್ರವನ್ನು ಮುಂದೆ ಬಾಗಿ ಕೈ ಚಾಚಿ ಹಿಡಿಯುತ್ತೇವೆ. ಬೆನ್ನುಮೂಳೆಯಿಂದ 50 ಸೆಂಟಿಮೀಟರ್ ದೂರದಲ್ಲಿ 18 ಕಿಲೋ ಹಿಡಿದರೆ, ಅದನ್ನು ಸರಿದೂಗಿಸಬೇಕಾದ ಬೆನ್ನಿನ ಸ್ನಾಯುಗಳು ಮೂಳೆಯಿಂದ ಐದಾರು ಸೆಂಟಿಮೀಟರ್ ಹಿಂದಿನಿಂದ ಎಳೆಯಬೇಕು. ಲೆಕ್ಕ ಹಾಕಿದರೆ 150ರಿಂದ 180 ಕಿಲೋ ಎಳೆತ. ಬಾಗಿದ ಮೈಯ ತೂಕ ಇದರಲ್ಲಿ ಸೇರಿಲ್ಲ. ಈ ಎಳೆತವೆಲ್ಲ ಸೊಂಟದ ಕೆಳಗಿನ ಡಿಸ್ಕುಗಳನ್ನು ಅದುಮುತ್ತದೆ. ಅದೇ ಚಕ್ರ 25 ಸೆಂಟಿಮೀಟರ್ ಹತ್ತಿರದಲ್ಲಿದ್ದರೆ ಹೊರೆ ಅರ್ಧಕ್ಕಿಳಿಯುತ್ತದೆ.

ಎರಡನೆಯ ಕಾರಣ ಯಾರ ಗಮನಕ್ಕೂ ಅಷ್ಟಾಗಿ ಬರುವುದಿಲ್ಲ. ಹಬ್ಬಿನ, ಅಂದರೆ ಕಾರಿನಲ್ಲಿ ಚಕ್ರ ಕೂರುವ ಬಿಲ್ಲೆಯ, ನಡುಭಾಗ ನೆಲದಿಂದ ಬರೀ 30 ಸೆಂಟಿಮೀಟರ್ ಎತ್ತರದಲ್ಲಿದೆ, ಹಾಗಾಗಿ ಎಲ್ಲ ಕೆಲಸವೂ ಮೊಣಕಾಲಿನಿಂದ ಕೆಳಗೆ. ಚಕ್ರಕ್ಕೆ ಐದು ಬೋಲ್ಟ್ ಎಂದರೆ ಒಟ್ಟು 20. ಪ್ರತಿ ಬೋಲ್ಟನ್ನು ಸಡಿಲಿಸಬೇಕು, ಬಿಚ್ಚಬೇಕು, ಕೈಯಲ್ಲಿ ಹಾಕಬೇಕು, ಬಿಗಿಸಬೇಕು, ಕೊನೆಗೆ ಟಾರ್ಕ್, ಅಂದರೆ ನ್ಯೂಟನ್ ಮೀಟರಿನಲ್ಲಿ ಅಳೆಯುವ ತಿರುಚುಬಲ, ನೋಡಬೇಕು. ಅಲ್ಲಿಗೆ ನೂರು ಸಲ ಕೈ ಅಲ್ಲಿಗೆ ಹೋಗಬೇಕು. ನಿಂತುಕೊಂಡು ಮಾಡಿದರೆ ನೂರು ಸಲ ಬಾಗು. ಹತ್ತು ಹದಿನೈದು ನಿಮಿಷ ಬಾಗಿಯೇ ಇದ್ದರೆ ಬೆನ್ನುಮೂಳೆಗಳನ್ನು ಹಿಡಿದಿಡುವ ಕಟ್ಟುಗಳು (ಲಿಗಮೆಂಟ್) ಎಳೆದು ಸಡಿಲವಾಗುತ್ತವೆ. ಆ ಹೊತ್ತಿನಲ್ಲಿ ಚಕ್ರ ಎತ್ತಿದರೆ ಉಳುಕುತ್ತದೆ. ಮೂರನೆಯ ಅಥವಾ ನಾಲ್ಕನೆಯ ಚಕ್ರದ ಹೊತ್ತಿಗೆ ಸೊಂಟ ಹಿಡಿಯುವ ಸಂಭವ ಹೆಚ್ಚುವುದು ಇದರಿಂದಲೇ.

ಹಾಗಾಗಿ ಮಾಡಬೇಕಾದ್ದು ಎರಡೇ. ಕೂತು ಕೆಲಸ ಮಾಡುವುದು. ಮತ್ತು ಚಕ್ರವನ್ನು ಕಾರಿನ ಎತ್ತರಕ್ಕೆ ಎತ್ತುವ ಬದಲು ಕಾರನ್ನೇ ಚಕ್ರದ ಎತ್ತರಕ್ಕೆ ತರುವುದು. ಎತ್ತುವುದು ಜಾಕಿನ ಕೆಲಸ. ಕೈಗಳ ಕೆಲಸ ಉರುಳಿಸುವುದು, ತಿರುಗಿಸುವುದು.

ಬೇಕಾಗುವ ಸಾಮಾನು

ಮೊದಲು ಮಣೆ. ಹಾಸ್ಯಕ್ಕೆ ಹೇಳುತ್ತಿಲ್ಲ. 25ರಿಂದ 35 ಸೆಂಟಿಮೀಟರ್ ಎತ್ತರದ ಗಟ್ಟಿ ಸ್ಟೂಲ್ ಈ ಕೆಲಸದ ಅತ್ಯಂತ ಮುಖ್ಯ ಉಪಕರಣ. ಗ್ಯಾರೇಜಿನವರು ಬಳಸುವ, ಕೆಳಗೆ ಗಾಲಿ ಮತ್ತು ಟ್ರೇ ಇರುವ ಸ್ಟೂಲ್ ಸಿಕ್ಕರೆ ಒಂದು ಚಕ್ರದಿಂದ ಇನ್ನೊಂದಕ್ಕೆ ಕೂತಲ್ಲೇ ಜರುಗಬಹುದು. ಮೊಣಕಾಲು ಚೆನ್ನಾಗಿದ್ದು ಒಂದು ಮಂಡಿ ಊರಿ ಮಾಡುವವರಿಗೆ ನಾಲ್ಕೈದು ಸೆಂಟಿಮೀಟರ್ ದಪ್ಪದ ಫೋಮ್ ಪ್ಯಾಡ್ ಸಾಕು. ಕುಕ್ಕರುಗಾಲಲ್ಲಿ ಕೂತು ಅಭ್ಯಾಸ ಇರುವವರು ಬೋಲ್ಟ್ ಬಿಚ್ಚುವವರೆಗೆ ಹಾಗೇ ಕೂರಬಹುದು, ಆದರೆ ಆ ಭಂಗಿಯಲ್ಲಿ ಚಕ್ರ ಎಳೆಯಬಾರದು, ಆಯ ತಪ್ಪುತ್ತದೆ.

ಜಾಕ್ ವಿಷಯದಲ್ಲಿ ಜಿಪುಣತನ ಬೇಡ. ಕಾರಿನ ಜೊತೆ ಬರುವ ಕತ್ತರಿ ಜಾಕ್ ದಾರಿಯಲ್ಲಿ ಪಂಕ್ಚರ್ ಆದಾಗಿನ ಆಪತ್ತಿಗೆ ಮಾತ್ರ. ನೆಲಕ್ಕೆ ಬಾಗಿ ಅದರ ಕೊಕ್ಕೆ ತಿರುಗಿಸುವುದನ್ನು ನಾಲ್ಕು ಸಲ ಮಾಡಿದರೆ ಬೆನ್ನಿನ ಅರ್ಧ ಶಕ್ತಿ ಅಲ್ಲೇ ಖಾಲಿ. ಎರಡರಿಂದ ಮೂರು ಟನ್ನಿನ ಹೈಡ್ರಾಲಿಕ್ ಟ್ರಾಲಿ ಜಾಕ್, ಹಿಡಿ ಉದ್ದ ಇರುವಂಥದ್ದು, ತಗ್ಗು ಕಾರಾದರೆ ತಲೆ 8 ಸೆಂಟಿಮೀಟರಿಗೂ ತಗ್ಗುವಂಥದ್ದು ಬೇಕು. ನಿಂತೇ, ಮೈಯ ಭಾರ ಹಾಕಿ ಪಂಪ್ ಮಾಡಬಹುದು. ಕಬ್ಬಿಣದ ಒಳ್ಳೆಯ ಟ್ರಾಲಿ ಜಾಕೇ 30 ಕಿಲೋ ತೂಗುತ್ತದೆ. ಅದನ್ನು ಎತ್ತದೆ ಹಿಡಿಯಿಂದ ಎಳೆದುಕೊಂಡು ಹೋಗಬೇಕು. ನೆಲಮಾಳಿಗೆಯಿಂದ ಮೆಟ್ಟಿಲು ಹತ್ತಿಸಬೇಕಾದ ಮನೆಯಾದರೆ 15 ಕಿಲೋ ಒಳಗಿನ ಅಲ್ಯೂಮಿನಿಯಂ ಜಾಕ್‌ಗೆ ಹೆಚ್ಚು ದುಡ್ಡು ಕೊಟ್ಟರೂ ಸರಿಯೇ. ಜಾಕಿನ ತಲೆಯ ಮೇಲೆ ಸೀಳು ಇರುವ ರಬ್ಬರ್ ಪ್ಯಾಡ್ ಹಾಕಿ, ಇಲ್ಲದಿದ್ದರೆ ಬಾಗಿಲ ಕೆಳಗಿನ ತಗಡಿನ ಅಂಚು ಮಡಚಿಕೊಳ್ಳುತ್ತದೆ. ಹೊಟ್ಟೆಯಡಿ ಬ್ಯಾಟರಿ ಇರುವ ಕಾರುಗಳಲ್ಲಿ ತಯಾರಕರು ತೋರಿಸಿದ ಜಾಗ ಬಿಟ್ಟು ಬೇರೆಲ್ಲೂ ಜಾಕ್ ಕೊಡಬಾರದು. ಟೆಸ್ಲಾದಂಥ ಕಾರಿಗೆ ಆ ತೂತಿನಲ್ಲಿ ಕೂರುವ ಪ್ರತ್ಯೇಕ ಬಿಲ್ಲೆಗಳೇ ಸಿಗುತ್ತವೆ.

ಸಡಿಲಿಸಲು 60 ಸೆಂಟಿಮೀಟರ್ ಉದ್ದದ ಬ್ರೇಕರ್ ಬಾರ್ (ಸಾಕೆಟ್ ಸಿಕ್ಕಿಸುವ ಉದ್ದ ಹಿಡಿ) ಅಥವಾ ಎಳೆದು ಉದ್ದ ಮಾಡುವ ವೀಲ್ ಸ್ಪ್ಯಾನರ್. 120 ನ್ಯೂಟನ್ ಮೀಟರಿಗೆ ಬಿಗಿಸಿದ ಬೋಲ್ಟನ್ನು ಕಾರಿನ ಜೊತೆ ಬರುವ 25 ಸೆಂಟಿಮೀಟರ್ ಸ್ಪ್ಯಾನರಿನಲ್ಲಿ ತಿರುಗಿಸಲು ತುದಿಯಲ್ಲಿ ಸುಮಾರು 49 ಕಿಲೋ ಒತ್ತಬೇಕು, 60 ಸೆಂಟಿಮೀಟರ್ ಬಾರಿನಲ್ಲಿ 20 ಕಿಲೋ ಸಾಕು. ತುಕ್ಕು ಹಿಡಿದಿದ್ದರೆ ಎರಡೂ ಇನ್ನಷ್ಟು ಏರುತ್ತವೆ, ಅಂತರವೂ ಹಾಗೇ ಏರುತ್ತದೆ. ಅಲಾಯ್ ರಿಮ್‌ಗೆ ಪ್ಲಾಸ್ಟಿಕ್ ಕವಚದ ತೆಳು ಸಾಕೆಟ್, 17, 19 ಅಥವಾ 21 ಮಿಲಿಮೀಟರಿನಲ್ಲಿ ನಿಮ್ಮ ಕಾರಿಗೆ ಹೊಂದುವುದು. ಅರ್ಧ ಇಂಚಿನ, 40ರಿಂದ 200 ನ್ಯೂಟನ್ ಮೀಟರ್ ವ್ಯಾಪ್ತಿಯ ಟಾರ್ಕ್ ರೆಂಚ್, ಅಂದರೆ ಇಟ್ಟ ಅಳತೆಗೆ ಬಿಗಿಯಾದಾಗ ಕ್ಲಿಕ್ ಅನ್ನುವ ಸ್ಪ್ಯಾನರ್. ಬ್ಯಾಟರಿಯ ಇಂಪ್ಯಾಕ್ಟ್ ರೆಂಚ್ ಇದ್ದರೆ ಬಿಚ್ಚುವಾಗ ದೊಡ್ಡ ಉಪಕಾರ. ಹಾಕುವಾಗ ಅದನ್ನು ದೂರ ಇಡಿ.

ಇನ್ನೆರಡು ಸಣ್ಣ ವಸ್ತುಗಳು ಎಲ್ಲಕ್ಕಿಂತ ಹೆಚ್ಚು ಬೆನ್ನು ಉಳಿಸುತ್ತವೆ, ಅವುಗಳ ಬಗ್ಗೆ ಸ್ವಲ್ಪ ವಿವರವಾಗಿ ಹೇಳಬೇಕು.

ತೂಗುಪಿನ್ನು ಮತ್ತು ಕಾಲುಹಲಗೆ

ಮಾರುತಿ, ಹ್ಯುಂಡೈ, ಟೊಯೋಟಾ, ಹೋಂಡಾಗಳಲ್ಲಿ ಹಬ್ಬಿನಿಂದ ಸ್ಟಡ್‌ಗಳು, ಅಂದರೆ ನಟ್ ಕೂರುವ ಕಡ್ಡಿಗಳು, ಹೊರಚಾಚಿರುತ್ತವೆ. ಚಕ್ರವನ್ನು ಅವುಗಳ ಮೇಲೆ ತೂಗುಹಾಕಿ ನಟ್ ಹಾಕುತ್ತೇವೆ. ಯೂರೋಪಿನ ಹೆಚ್ಚಿನ ಕಾರುಗಳಲ್ಲಿ ಸ್ಟಡ್ ಇಲ್ಲ. ಹಬ್ಬಿನಲ್ಲಿ ಬರೀ ತೂತು, ಬೋಲ್ಟ್ ಹೊರಗಿನಿಂದ ಹೋಗಬೇಕು. ಅಂದರೆ ಒಂದು ಕೈಯಲ್ಲಿ 18 ಕಿಲೋ ಚಕ್ರ ಎತ್ತಿ ಹಿಡಿದು, ತೂತಿಗೆ ತೂತು ಹೊಂದಿಸಿ, ಇನ್ನೊಂದು ಕೈಯಲ್ಲಿ ಬೋಲ್ಟ್ ತಿರುಗಿಸಬೇಕು. ಬಾಗು, ತಿರುಚು, ಭಾರ ಮೂರೂ ಒಟ್ಟಿಗೆ ಸೇರುವುದು ಇಲ್ಲೇ. ಊರಿನಲ್ಲಿ ಸ್ಟಡ್ಡಿನ ಕಾರಿಗೆ ಪಳಗಿದವರು ಇಲ್ಲಿ ಮೊದಲ ಸಲ ಕಂಗಾಲಾಗುತ್ತಾರೆ.

ಇದಕ್ಕೆ ಪರಿಹಾರ ತಲೆಯಿಲ್ಲದ ಒಂದು ಉದ್ದ ಪಿನ್ನು. ಒಂದು ತುದಿಯಲ್ಲಿ ಬೋಲ್ಟಿನ ಎಳೆ, ಉಳಿದದ್ದು ನುಣುಪು. ಹಬ್ಬಿನ ಮೇಲ್ಗಡೆಯ ತೂತಿಗೆ ಕೈಯಲ್ಲೇ ತಿರುಗಿಸಿ ಕೂರಿಸಿದರೆ ತಾತ್ಕಾಲಿಕ ಸ್ಟಡ್ ಆಯಿತು, ಚಕ್ರ ಅದರ ಮೇಲೆ ತೂಗುತ್ತದೆ. ಕೆಲವು ಕಾರುಗಳ ಟೂಲ್ ಕಿಟ್ಟಿನಲ್ಲೇ ಪ್ಲಾಸ್ಟಿಕ್ಕಿನದೊಂದು ಇರುತ್ತದೆ, ಸ್ಟೆಪ್ನಿಯ ಹತ್ತಿರ ಒಮ್ಮೆ ಹುಡುಕಿ ನೋಡಿ. ಇಲ್ಲದಿದ್ದರೆ ಕೊಂಡುಕೊಳ್ಳಿ, ಎರಡು ಕೊಳ್ಳಿ. ಒಂದೇ ಪಿನ್ನಿನ ಮೇಲೆ ಚಕ್ರ ಲೋಲಕದ ಹಾಗೆ ಓಲಾಡುತ್ತದೆ, ಎರಡಿದ್ದರೆ ತೂತುಗಳೆಲ್ಲ ತಾವೇ ಹೊಂದಿಕೊಳ್ಳುತ್ತವೆ. ಕೊಳ್ಳುವಾಗ ಎಳೆಯ ಅಳತೆ ನೋಡಲೇಬೇಕು. ಫೋಕ್ಸ್‌ವ್ಯಾಗನ್, ಆಡಿ, ಸ್ಕೋಡಾಗಳಲ್ಲಿ ಸಾಮಾನ್ಯವಾಗಿ ಎಂ14 (14 ಮಿಲಿಮೀಟರ್ ದಪ್ಪ), ಎಳೆಯಿಂದ ಎಳೆಗೆ 1.5 ಮಿಲಿಮೀಟರ್. ಹೊಸ ಬಿಎಂಡಬ್ಲ್ಯುಗಳಲ್ಲಿ ಎಂ14 ಆದರೂ 1.25 ಮಿಲಿಮೀಟರ್, ಹಳೆಯವುಗಳಲ್ಲಿ ಎಂ12. ಹೊಂದದ ಪಿನ್ನನ್ನು ಬಲವಂತವಾಗಿ ತಿರುಗಿಸಿದರೆ ಹಬ್ಬಿನ ಎಳೆಯೇ ಹಾಳು. ಕೈಯಲ್ಲಿ ನಾಲ್ಕೈದು ಸುತ್ತು ಸಲೀಸಾಗಿ ಹೋಗಬೇಕು, ಹೋಗದಿದ್ದರೆ ಅದು ನಿಮ್ಮ ಕಾರಿನದಲ್ಲ.

ಎರಡನೆಯದು ಕಾಲುಹಲಗೆ. 60 ಸೆಂಟಿಮೀಟರ್ ಉದ್ದ, 12ರಿಂದ 15 ಸೆಂಟಿಮೀಟರ್ ಅಗಲ, 2 ಸೆಂಟಿಮೀಟರ್ ದಪ್ಪದ ಗಟ್ಟಿ ಮರದ ಹಲಗೆ ಸಾಕು. ಒಂದು ತುದಿಯಿಂದ 15 ಸೆಂಟಿಮೀಟರ್ ಒಳಗೆ, ಅಡಿಭಾಗಕ್ಕೆ 3 ಸೆಂಟಿಮೀಟರ್ ಎತ್ತರದ ರೀಪು ಸ್ಕ್ರೂ ಮಾಡಿ. ಆ ಗಿಡ್ಡ ತುದಿಯನ್ನು ಇಳಿಜಾರಾಗಿ ಕೆತ್ತಿ, ಚಕ್ರ ಸುಲಭವಾಗಿ ಹತ್ತಲಿ. ಗಿಡ್ಡ ತುದಿಯ ಮೇಲೆ ಚಕ್ರ ಉರುಳಿಸಿ, ಉದ್ದ ತುದಿಯನ್ನು ಪಾದದಿಂದ ಒತ್ತಿದರೆ ಸನ್ನೆಯ ಲೆಕ್ಕ ಒಂದಕ್ಕೆ ಮೂರು. 18 ಕಿಲೋ ಚಕ್ರಕ್ಕೆ 6 ಕಿಲೋದಷ್ಟು ಕಾಲೊತ್ತು ಸಾಕು, ಚಕ್ರ ನಾಲ್ಕು ಸೆಂಟಿಮೀಟರಿನವರೆಗೆ ಏರುತ್ತದೆ. ಕೈಗಳೆರಡೂ ಚಕ್ರವನ್ನು ತಿರುಗಿಸಿ ತೂತು ಹೊಂದಿಸಲು ಬಿಡುವಾಗಿರುತ್ತವೆ. ಹಲಗೆ ಮಾಡಿಕೊಳ್ಳಲು ಪುರುಸೊತ್ತಿಲ್ಲದವರಿಗೆ ಹಿಮ ತೆಗೆಯುವ ಅಥವಾ ಮಣ್ಣು ಎತ್ತುವ ಕಬ್ಬಿಣದ ಸಲಿಕೆಯೂ ನಡೆಯುತ್ತದೆ. ಪ್ಲಾಸ್ಟಿಕ್ಕಿನದು ಮುರಿಯುತ್ತದೆ. ಗಾಲಿಯಿರುವ ಚಕ್ರ-ಟ್ರಾಲಿಗಳೂ ಅಂಗಡಿಯಲ್ಲಿವೆ. 25 ಕಿಲೋ ಮೀರಿದ ಚಕ್ರಗಳಿಗೆ ಅವು ಒಳ್ಳೆಯವು, ಸಣ್ಣ ಕಾರಿಗೆ ಹಲಗೆಯೇ ಸಾಕು.

ದಿನ, ಹೊತ್ತು, ಜಾಗ

ಮೊದಲ ಹಿಮ ಬೀಳುವ ಸಂಜೆಗೆ ಕಾಯಬೇಡಿ. ಸೆಟೆದುಕೊಂಡ ಬೆರಳು, ಒದ್ದೆ ನೆಲ, ಕತ್ತಲು, ಅವಸರ ಎಲ್ಲ ಸೇರಿದಾಗಲೇ ಬೆನ್ನು ಕೈಕೊಡುವುದು. ಅಕ್ಟೋಬರಿನ ಒಣ ಮಧ್ಯಾಹ್ನ ಒಂದನ್ನು ಆರಿಸಿಕೊಳ್ಳಿ. ಬೆಳಿಗ್ಗೆ ಎದ್ದ ಕೂಡಲೇ ಬೇಡ. ರಾತ್ರಿಯಿಡೀ ಮಲಗಿದಾಗ ಡಿಸ್ಕುಗಳು ನೀರು ಹೀರಿ ಉಬ್ಬಿರುತ್ತವೆ, ಎದ್ದ ಮೊದಲ ಒಂದೆರಡು ಗಂಟೆ ಬಾಗಿದರೆ ಅವುಗಳ ಮೇಲೆ ಬೀಳುವ ಒತ್ತಡ ಉಳಿದ ಹೊತ್ತಿಗಿಂತ ಬಹಳ ಹೆಚ್ಚು. ಕಚೇರಿಯಲ್ಲಿ ದಿನವಿಡೀ ಕೂತು ಬಂದವರು ಶುರುಮಾಡುವ ಮುಂಚೆ ಹತ್ತು ನಿಮಿಷ ಬಿರುಸಾಗಿ ನಡೆದು ಬರುವುದು ಒಳ್ಳೆಯದು.

ನೆಲ ಸಮತಟ್ಟಾಗಿ ಗಟ್ಟಿಯಾಗಿರಬೇಕು. ಇಳಿಜಾರು, ಜಲ್ಲಿ, ಹುಲ್ಲು, ಬಿಸಿಲಿಗೆ ಮೆತ್ತಗಾದ ಡಾಂಬರು ಯಾವುದೂ ಬೇಡ. ಕಾರಿನ ಸುತ್ತ ಕನಿಷ್ಠ ಒಂದು ಮೀಟರ್ ಜಾಗ ಇರಲಿ. ಗೋಡೆಗೆ ಒತ್ತಿ ನಿಲ್ಲಿಸಿದ ಕಾರಿನ ಬದಿಯಲ್ಲಿ ಮೈ ತಿರುಚಿಯೇ ಕೆಲಸ ಮಾಡಬೇಕಾಗುತ್ತದೆ. ಅಪಾರ್ಟ್‌ಮೆಂಟಿನ ನೆಲಮಾಳಿಗೆಯ ಪಾರ್ಕಿಂಗಿನಲ್ಲಿ ಮಾಡುವುದಾದರೆ ಮನೆಯ ನಿಯಮಾವಳಿಯಲ್ಲಿ ಅನುಮತಿ ಇದೆಯೇ ಎಂದು ಮೊದಲೇ ನೋಡಿಕೊಳ್ಳಿ.

ಕೆಲಸ ಶುರು

1. ಹಾಕಬೇಕಾದ ನಾಲ್ಕು ಚಕ್ರಗಳನ್ನೂ ಮೊದಲೇ ಉರುಳಿಸಿ ತಂದು ಆಯಾ ಮೂಲೆಯ ಹತ್ತಿರ ಗೋಡೆಗೋ ಪೆಟ್ಟಿಗೆಗೋ ಒರಗಿಸಿ ನಿಲ್ಲಿಸಿ. ಮಲಗಿಸಬೇಡಿ. ಮಲಗಿದ ಚಕ್ರವನ್ನು ಎಬ್ಬಿಸುವುದು ಈ ಇಡೀ ಕೆಲಸದಲ್ಲಿ ಬೆನ್ನಿಗೆ ಅತ್ಯಂತ ಕೆಟ್ಟ ಎತ್ತುವಿಕೆ. ಯಾವುದಾದರೂ ಮಲಗಿದ್ದರೆ ಒಂದು ಮಂಡಿಯೂರಿ, ಹತ್ತಿರದ ಅಂಚು ಹಿಡಿದು, ತೊಡೆಯ ಬಲದಿಂದ ಆಚೆಗೆ ತಳ್ಳಿ ನಿಲ್ಲಿಸಿ. ಟೈರಿನ ಪಕ್ಕದಲ್ಲಿರುವ ತಿರುಗುವ ದಿಕ್ಕಿನ ಬಾಣ ಈಗಲೇ ನೋಡಿ. ತಪ್ಪು ಬದಿಗೆ ಹಾಕಿದರೆ ಇಡೀ ಚಕ್ರ ಮತ್ತೆ ಬಿಚ್ಚಬೇಕು. ಟೈರಿನ ಮೈಮೇಲಿನ ಗಾಡಿ (ಟ್ರೆಡ್) ಹೆಚ್ಚು ಆಳ ಉಳಿದಿರುವ ಜೋಡಿ ಹಿಂದಿನ ಆಕ್ಸಲ್ಲಿಗೆ ಹೋಗಲಿ. ನಾಲ್ಕು ಮಿಲಿಮೀಟರಿಗಿಂತ ಕಡಿಮೆ ಟ್ರೆಡ್ ಉಳಿದ ಚಳಿಗಾಲದ ಟೈರ್ ಹಾಕಿ ಪ್ರಯೋಜನವಿಲ್ಲ, ಕಾನೂನಿನ ಮಿತಿ ಜರ್ಮನಿಯಲ್ಲಿ 1.6 ಇದ್ದರೂ.

2. ಕಾರನ್ನು ಗೇರಿನಲ್ಲಿಟ್ಟು ಅಥವಾ ಪಾರ್ಕ್‌ಗೆ ಹಾಕಿ, ಹ್ಯಾಂಡ್ ಬ್ರೇಕ್ ಎಳೆದು, ಎತ್ತುವ ಮೂಲೆಗೆ ಕರ್ಣದಲ್ಲಿರುವ ಚಕ್ರಕ್ಕೆ ಉರುಳದಂತೆ ಎರಡೂ ಕಡೆ ಅಡ್ಡೆ (ತಡೆಗಟ್ಟೆ) ಕೊಡಿ. ಏರ್ ಸಸ್ಪೆನ್ಷನ್ ಇದ್ದರೆ ಅದರ ಜಾಕ್ ಮೋಡ್ ಹಾಕಿ.

3. ಚಕ್ರ ನೆಲದ ಮೇಲಿರುವಾಗಲೇ ಐದೂ ಬೋಲ್ಟುಗಳನ್ನು ಕಾಲು ಸುತ್ತು ಸಡಿಲಿಸಿ. ಸ್ಪ್ಯಾನರಿನ ಹಿಡಿ ನಿಮ್ಮ ಎಡಗಡೆಗೆ, ನೆಲಕ್ಕೆ ಸಮನಾಗಿ ಇರಲಿ. ಒಂದು ಕಾಲು ಮುಂದಿಟ್ಟು, ಕೈ ನೇರವಾಗಿಸಿ, ಮೈಯ ಭಾರವನ್ನು ಕೆಳಕ್ಕೆ ಬಿಡಿ. ಹಿಡಿಯನ್ನು ಬಲಗಡೆಗಿಟ್ಟು ಮೇಲಕ್ಕೆ ಕಿತ್ತರೆ ಅದೇ ಬೋಲ್ಟ್ ಬೆನ್ನಿನ ಬಲದಿಂದ ಬರುತ್ತದೆ, ಥಟ್ಟನೆ ಬಿಟ್ಟುಕೊಂಡಾಗ ಉಳುಕುವುದು ಆಗಲೇ. ಅರ್ಧ ಸುತ್ತಿಗಿಂತ ಹೆಚ್ಚು ಸಡಿಲಿಸಬೇಡಿ.

4. ಜಾಕ್ ಕೊಟ್ಟು ನಿಂತೇ ಪಂಪ್ ಮಾಡಿ. ಎಷ್ಟು ಎತ್ತಬೇಕು ಎಂಬುದೇ ಇಲ್ಲಿನ ಗುಟ್ಟು. ಟೈರ್ ನೆಲ ಬಿಟ್ಟು ಎರಡೂವರೆ-ಮೂರು ಸೆಂಟಿಮೀಟರ್ ಆದ ಕೂಡಲೇ ನಿಲ್ಲಿಸಿ. ಹಲಗೆಯ ದಪ್ಪಕ್ಕೆ ಅಷ್ಟು ಬೇಕು, ಅದಕ್ಕಿಂತ ಹೆಚ್ಚು ಬೇಡ. ಅನೇಕರು ‘ಇರಲಿ’ ಎಂದು ಒಂದು ಗೇಣು ಎತ್ತಿಬಿಡುತ್ತಾರೆ, ಆ ಗೇಣನ್ನು ಆಮೇಲೆ ತಮ್ಮ ಸೊಂಟದಿಂದ ತುಂಬಿಕೊಡುತ್ತಾರೆ. ರಿಮ್ ಬೇಸಿಗೆಗೆ 17, ಚಳಿಗೆ 16 ಇಂಚು ಇದ್ದರೂ ಒಂದೇ ಕಾರಿನ ಎರಡೂ ಜೋಡಿಗಳ ಹೊರ ವ್ಯಾಸ ಬಹುತೇಕ ಒಂದೇ. ಹಾಗಾಗಿ ಹಳೆಯದು ಹೊರಬಂದ ಎತ್ತರದಲ್ಲೇ ಹೊಸದು ಒಳಗೆ ಹೋಗುತ್ತದೆ.

5. ಕಾರಿನ ಪುಸ್ತಕದಲ್ಲಿ ತೋರಿಸಿದ ಇನ್ನೊಂದು ಗಟ್ಟಿ ಜಾಗ ಇದ್ದರೆ ಅದರಡಿ ಜಾಕ್ ಸ್ಟ್ಯಾಂಡ್ ಇಡಿ. ಇಲ್ಲದಿದ್ದರೆ ಬಿಚ್ಚಿದ ಚಕ್ರವನ್ನೇ ಬಾಗಿಲ ಕೆಳಗಿನ ಅಂಚಿನಡಿ ಮಲಗಿಸಿ ತಳ್ಳಿ, ತೆಗೆಯುವಾಗ ಎತ್ತದೆ ಎಳೆಯಿರಿ. ಜಾಕ್ ಒಂದನ್ನೇ ನಂಬಿ ಮೈಯ ಯಾವ ಭಾಗವನ್ನೂ ಕಾರಿನಡಿ ಹಾಕಬಾರದು. ಕಾಲುಹಲಗೆಯ ಮೇಲೆ ಪಾದ ಇಡುವುದೂ ಕಾರಿನ ಹೊರಗೇ, ಉದ್ದ ತುದಿ ಹೊರಗಿರುವುದು ಅದಕ್ಕೇ.

6. ಇನ್ನು ಮಣೆಯ ಮೇಲೆ ಕೂರಿ. ಮೊಣಕಾಲು ಅಗಲಿಸಿ, ಎದೆ ಚಕ್ರಕ್ಕೆ ನೇರವಾಗಿ, ಹಬ್ಬು ಕೈಗೆಟಕುವಷ್ಟು ಹತ್ತಿರ. ಮೊದಲು ಮೇಲಿನ ಬೋಲ್ಟ್ ತೆಗೆದು ಅಲ್ಲಿ ಪಿನ್ನು ಹಾಕಿ, ಪಕ್ಕದ್ದರಲ್ಲಿ ಎರಡನೆಯ ಪಿನ್ನು. ಆಮೇಲೆ ಉಳಿದ ಮೂರು. ಚಕ್ರ ಈಗ ಪಿನ್ನುಗಳ ಮೇಲೆ ನಿಂತಿದೆ, ನಿಮ್ಮ ಕೈಯ ಮೇಲಲ್ಲ. ಹಲಗೆಯನ್ನು ಕೆಳಗೆ ತೂರಿಸಿ, ಚಕ್ರವನ್ನು ಎರಡೂ ಪಕ್ಕ ಹಿಡಿದು ಸ್ವಲ್ಪ ಸ್ವಲ್ಪ ಹೊರಕ್ಕೆ ಜರುಗಿಸಿದರೆ ಅದು ಹಲಗೆಯ ಮೇಲೆ ಇಳಿಯುತ್ತದೆ. ಅಲ್ಲಿಂದ ನೆಲಕ್ಕೆ ಉರುಳಿಸಿ. ಎದ್ದು ನಿಂತು, ಚಕ್ರದ ಪಕ್ಕದಲ್ಲಿ ನಡೆಯುತ್ತಾ ಉರುಳಿಸಿಕೊಂಡು ಹೋಗಿ. ಸ್ಟೂಲಿನ ಮೇಲೆ ಕೂತೇ ಪಕ್ಕಕ್ಕೆ ತಿರುಚಿ ಇಡಬೇಡಿ.

ಬಿಚ್ಚಿದ ಕೂಡಲೇ ಸೀಮೆಸುಣ್ಣದಲ್ಲಿ ಗುರುತು ಹಾಕಿ: ಎಮು, ಬಮು, ಎಹಿ, ಬಹಿ. ಎಡ-ಬಲ, ಮುಂದೆ-ಹಿಂದೆ. ಆರು ತಿಂಗಳ ನಂತರ ನೆನಪಿರುವುದಿಲ್ಲ.

7. ಹಬ್ಬಿನ ಮುಖವನ್ನು ತಂತಿಬ್ರಶ್ಶಿನಿಂದ ತುಕ್ಕು ಹೋಗುವವರೆಗೆ ಉಜ್ಜಿ. ನಡುವಿನ ಉಬ್ಬಿದ ಬಳೆಯ ಮೇಲೆ ಮಾತ್ರ ಸೆರಾಮಿಕ್ ಪೇಸ್ಟಿನ ಒಂದು ತೆಳು ಲೇಪ. ಬೋಲ್ಟಿನ ಎಳೆಗೂ ಅದು ಕೂರುವ ಜಾಗಕ್ಕೂ ಎಣ್ಣೆ, ಗ್ರೀಸ್ ಏನೂ ತಾಗಬಾರದು, ತಾಗಿದರೆ ಅದೇ ಟಾರ್ಕಿಗೆ ಬೋಲ್ಟ್ ಮಿತಿಮೀರಿ ಹಿಗ್ಗುತ್ತದೆ.

8. ಹೊಸ ಚಕ್ರವನ್ನು ಹಲಗೆಯ ಮೇಲೆ ಉರುಳಿಸಿ, ಪಿನ್ನಿನ ನೇರಕ್ಕೆ ತೂತು ಬರುವಂತೆ ತಿರುಗಿಸಿ, ಪಾದದಿಂದ ಹಲಗೆ ಒತ್ತಿ. ಸರಿಯಾದ ಎತ್ತರ ಬಂದಾಗ ಚಕ್ರ ತಾನೇ ಪಿನ್ನುಗಳ ಮೇಲೆ ಜಾರುತ್ತದೆ. ಜಾರದಿದ್ದರೆ ಬಲ ಹಾಕಬೇಡಿ. ಹಬ್ಬು ಮೇಲಿದೆಯೋ ಕೆಳಗಿದೆಯೋ ನೋಡಿ ಜಾಕನ್ನು ಒಂದು ಪಂಪು ಏರಿಸಿ, ಸ್ಟ್ಯಾಂಡು ಇಲ್ಲದಿದ್ದರೆ ಕೂದಲೆಳೆಯಷ್ಟು ಇಳಿಸಿ. ಬಲವಿರುವುದು ಜಾಕಿಗೆ, ಅದನ್ನೇ ದುಡಿಸಿ. ಮೂರು ಬೋಲ್ಟನ್ನು ಕೈಯಲ್ಲೇ ಹಾಕಿ, ಪಿನ್ನು ತೆಗೆದು ಉಳಿದೆರಡು. ಪ್ರತಿಯೊಂದೂ ಬೆರಳಿನಿಂದಲೇ ಏಳೆಂಟು ಸುತ್ತು ಸಲೀಸಾಗಿ ಹೋಗಬೇಕು. ಎರಡೇ ಸುತ್ತಿಗೆ ಬಿಗಿಯಾದರೆ ಎಳೆ ಅಡ್ಡ ಹತ್ತಿದೆ, ತೆಗೆದು ಮತ್ತೆ ಹಾಕಿ. ಕಬ್ಬಿಣದ ರಿಮ್‌ಗೂ ಅಲಾಯ್‌ಗೂ ಕೆಲವು ಕಾರುಗಳಲ್ಲಿ ಬೋಲ್ಟ್ ಬೇರೆ. ಉದ್ದ ಬೇರೆ, ಕೂರುವ ಮುಖ ಕೋನೋ ಗುಂಡೋ ಎಂಬುದೂ ಬೇರೆ. ಅಲಾಯ್‌ನ ಉದ್ದ ಬೋಲ್ಟನ್ನು ತೆಳು ಕಬ್ಬಿಣದ ರಿಮ್‌ಗೆ ಹಾಕಿದರೆ ಹಿಂದೆ ಚಾಚಿ ಬ್ರೇಕಿನ ಭಾಗಕ್ಕೆ ಬಡಿಯುತ್ತದೆ.

9. ಬೋಲ್ಟುಗಳನ್ನು ನಕ್ಷತ್ರದ ಕ್ರಮದಲ್ಲಿ (ಒಂದು ಬಿಟ್ಟು ಒಂದು) ಲಘುವಾಗಿ ಬಿಗಿಸಿ, ಕಾರಿನಡಿ ಇಟ್ಟದ್ದನ್ನು ತೆಗೆದು, ಕಾರನ್ನು ಟೈರ್ ನೆಲಕ್ಕೆ ಊರುವವರೆಗೆ ಇಳಿಸಿ, ಟಾರ್ಕ್ ರೆಂಚಿನಿಂದ ಮುಗಿಸಿ. ಈಗ ಹಿಡಿ ಬಲಗಡೆಗೆ, ನೇರ ಕೈಯಿಂದ ಕೆಳಕ್ಕೆ ಒತ್ತುವುದು. ಅಳತೆ ಕಾರಿನ ಪುಸ್ತಕದಲ್ಲಿರುತ್ತದೆ. ಟೊಯೋಟಾದ ಅನೇಕ ಕಾರುಗಳಿಗೆ 103 ನ್ಯೂಟನ್ ಮೀಟರ್, ಏಳನೆಯ ತಲೆಮಾರಿನ ಗಾಲ್ಫ್‌ಗೆ 120, ಟೆಸ್ಲಾ ಮಾಡೆಲ್ 3ಕ್ಕೆ 175. ಒಂದರ ಅಂಕಿ ಇನ್ನೊಂದಕ್ಕೆ ಸಲ್ಲುವುದಿಲ್ಲ. ಒಂದೇ ಕ್ಲಿಕ್ ಸಾಕು, ಮೂರು ಸಲ ಕ್ಲಿಕ್ಕಿಸಿದರೆ ಹೇಳಿದ್ದಕ್ಕಿಂತ ಹೆಚ್ಚು ಬಿಗಿಯಾಗುತ್ತದೆ.

ಒಂದು ಚಕ್ರ ಮುಗಿದ ಮೇಲೆ ಎರಡು ನಿಮಿಷ ನಿಂತು ನಡೆದಾಡಿ, ಕೈಗಳನ್ನು ಸೊಂಟದ ಮೇಲಿಟ್ಟು ನಿಧಾನವಾಗಿ ಹಿಂದಕ್ಕೆ ಬಾಗಿ. ಎರಡಕ್ಕೇ ಸುಸ್ತಾದರೆ ಉಳಿದೆರಡು ಮರುದಿನಕ್ಕಿರಲಿ. ಆದರೆ ಒಂದು ಆಕ್ಸಲ್ಲಿಗೆ ಚಳಿಗಾಲದ್ದು, ಇನ್ನೊಂದಕ್ಕೆ ಬೇಸಿಗೆಯದು ಇರುವಾಗ ಕಾರು ಹೊರಗೆ ತೆಗೆಯಬೇಡಿ. ಜಾರು ರಸ್ತೆಯಲ್ಲಿ ಹಿಡಿತ ಕಡಿಮೆಯಾದ ಕಡೆ ಕಾರು ದಿಕ್ಕು ತಪ್ಪುತ್ತದೆ.

ಚಕ್ರ ಅಂಟಿಕೊಂಡಾಗ

ಬೋಲ್ಟುಗಳೆಲ್ಲ ಬಂದವು, ಚಕ್ರ ಮಾತ್ರ ಅಲ್ಲಾಡುತ್ತಿಲ್ಲ. ಚಳಿಗಾಲದಲ್ಲಿ ರಸ್ತೆಗೆ ಸುರಿಯುವ ಉಪ್ಪು, ಅಲ್ಯೂಮಿನಿಯಂ ರಿಮ್ ಮತ್ತು ಕಬ್ಬಿಣದ ಹಬ್ಬಿನ ನಡುವೆ ಕಿಲುಬು ಕಟ್ಟಿ ಎರಡನ್ನೂ ಬೆಸೆದುಬಿಡುತ್ತದೆ. ಇಲ್ಲಿ ಜನ ತಾಳ್ಮೆಗೆಟ್ಟು, ಜಾಕಿನ ಮೇಲೆ ನಿಂತ ಕಾರಿನ ಚಕ್ರವನ್ನು ಹಿಡಿದು ಜಗ್ಗುತ್ತಾರೆ ಇಲ್ಲವೇ ಒದೆಯುತ್ತಾರೆ. ಬೆನ್ನೂ ಹೋಗಬಹುದು, ಕಾರೂ ಜಾಕಿನಿಂದ ಜಾರಬಹುದು. ಪಿನ್ನು ತೆಗೆದು ಐದೂ ಬೋಲ್ಟುಗಳನ್ನು ಮತ್ತೆ ಹಾಕಿ, ಪೂರ್ತಿ ಬಿಗಿಸದೆ ಒಂದು ಸುತ್ತು ಸಡಿಲ ಬಿಡಿ. ಕಾರಿನಡಿ ಇಟ್ಟದ್ದನ್ನು ತೆಗೆದು ಕೆಳಗಿಳಿಸಿ, ಅಡ್ಡೆ ತೆಗೆದು, ಅಂಗಳದಲ್ಲೇ ಅರ್ಧ ಮೀಟರ್ ಮುಂದೆ, ಅರ್ಧ ಮೀಟರ್ ಹಿಂದೆ ಮೆಲ್ಲಗೆ ಓಡಿಸಿ ಬ್ರೇಕ್ ಒತ್ತಿ. ಒಂದು ಟನ್ನಿಗೂ ಮೀರಿದ ಕಾರಿನ ಭಾರವೇ ಕಿಲುಬನ್ನು ಬಿಡಿಸುತ್ತದೆ, ಟಕ್ ಎಂಬ ಸದ್ದು ಕೇಳಿಸುತ್ತದೆ. ಮತ್ತೆ ಅಡ್ಡೆ ಕೊಟ್ಟು ಎತ್ತಿ. ಹಬ್ಬು ಉಜ್ಜಿ ಪೇಸ್ಟ್ ಹಚ್ಚುವ ಮೂರು ನಿಮಿಷ ಉಳಿಸಿದವರಿಗೆ ಮುಂದಿನ ಏಪ್ರಿಲ್‌ನಲ್ಲಿ ಇದೇ ಪಾಡು.

ಸಾಗಿಸುವುದು, ಇಡುವುದು

ಬದಲಿಸುವಾಗ ಎಚ್ಚರ ವಹಿಸಿದವರು ನೆಲಮಾಳಿಗೆಯ ಮೆಟ್ಟಿಲಿನಲ್ಲಿ ಸೊಂಟ ಹಿಡಿಸಿಕೊಳ್ಳುವುದುಂಟು. ಸಾಮಾನು ಸಾಗಿಸುವ ಎರಡು ಗಾಲಿಯ ಕೈಗಾಡಿಯಲ್ಲಿ ಎರಡೆರಡು ಚಕ್ರ ಕಟ್ಟಿ ಒಯ್ಯಿರಿ. ಮೆಟ್ಟಿಲಿದ್ದರೆ ಪ್ರತಿ ಬದಿಗೆ ಮೂರು ಗಾಲಿಯ ನಕ್ಷತ್ರ ಇರುವ ಗಾಡಿ, ಅದರಲ್ಲಿ ಒಂದೊಂದೇ ಚಕ್ರ. ಹೊರಲೇಬೇಕಾದರೆ ಎದೆಗೆ ಒತ್ತಿಕೊಂಡು ಒಂದೊಂದೇ, ಒಂದು ಬದಿಯ ಸೊಂಟದ ಮೇಲಿಟ್ಟುಕೊಂಡಲ್ಲ.

ರಿಮ್ ಸಮೇತ ಇರುವ ಚಕ್ರಗಳನ್ನು ಒಂದರ ಮೇಲೊಂದು ಮಲಗಿಸಿ ಅಥವಾ ತೂಗುಹಾಕಿ ಇಡುವುದು ವಾಡಿಕೆ. ಜರ್ಮನ್ನರು ಫೆಲ್ಗೆನ್‌ಬೌಮ್ ಎಂದು ಕರೆಯುವ, ನಡುವೆ ಕಂಬ ಇರುವ ಸ್ಟ್ಯಾಂಡಿಗೆ ನಾಲ್ಕನೆಯ ಚಕ್ರವನ್ನು ಎದೆಮಟ್ಟಕ್ಕೆ ಎತ್ತಿ ಕಂಬಕ್ಕೆ ಸಿಕ್ಕಿಸಬೇಕು. ಬೆನ್ನುನೋವಿನವರಿಗೆ ಇದು ಹೇಳಿಸಿದ್ದಲ್ಲ. ನಾಲ್ಕರ ಒಂದು ರಾಶಿಯ ಬದಲು ಎರಡೆರಡರ ಎರಡು ರಾಶಿ ಮಾಡಿದರೆ ಯಾವ ಚಕ್ರವೂ 20-22 ಸೆಂಟಿಮೀಟರಿಗಿಂತ ಮೇಲೇರಬೇಕಿಲ್ಲ. ಗಾಲಿ ಹಚ್ಚಿದ ಎರಡು ಪ್ಲೈವುಡ್ ಹಲಗೆಗಳ ಮೇಲೆ ರಾಶಿ ಹಾಕಿದರೆ ಏಪ್ರಿಲ್‌ನಲ್ಲಿ ಹಾಗೇ ಕಾರಿನವರೆಗೆ ತಳ್ಳಿಕೊಂಡು ಬರಬಹುದು. ಗಾಳಿಯನ್ನು ಮಾಮೂಲಿಗಿಂತ ಅರ್ಧ ಬಾರ್ ಹೆಚ್ಚು ತುಂಬಿ, ಬಿಸಿಲು ಬೀಳದ ಒಣ ಜಾಗದಲ್ಲಿಡಿ.

ಚಕ್ರಗಳನ್ನು ಕಾರಿನ ಡಿಕ್ಕಿಗೆ ಏರಿಸಬೇಕಾದರೆ ಒಂದೂವರೆ ಮೀಟರಿನ ಹಲಗೆಯನ್ನು ಡಿಕ್ಕಿಯ ಅಂಚಿಗೆ ಒರಗಿಸಿ ಉರುಳಿಸಿ ಏರಿಸಿ. ಮಡಚಿದ ಕಂಬಳಿ ಹಾಸಿದರೆ ಬಂಪರ್ ಗೀಚುವುದಿಲ್ಲ.

ಯಾರು ಮಾಡಬಾರದು

ಈಗಾಗಲೇ ಸೊಂಟ ಹಿಡಿದಿರುವವರು, ನೋವು ಪೃಷ್ಠದಿಂದ ಕಾಲಿಗೆ ಇಳಿಯುತ್ತಿರುವವರು, ಇತ್ತೀಚೆಗೆ ಶಸ್ತ್ರಚಿಕಿತ್ಸೆ ಆದವರು ಮೇಲಿನ ಯಾವ ಉಪಾಯವನ್ನೂ ನಂಬಿ ಕೂರಬಾರದು. ಕೆಲಸದ ನಡುವೆ ಕಾಲು ಜೋಮುಹಿಡಿದರೆ ಅಲ್ಲಿಗೇ ನಿಲ್ಲಿಸಿ. ತೊಡೆಸಂದಿಯಲ್ಲಿ ಸ್ಪರ್ಶ ತಿಳಿಯದಾದರೆ, ಮೂತ್ರದ ಹಿಡಿತ ತಪ್ಪಿದರೆ ಅದೇ ದಿನ ಆಸ್ಪತ್ರೆಗೆ ಹೋಗಬೇಕು. ಚಕ್ರ ಬದಲಿಸಿ, ಇನ್ನೊಂದು ಜೋಡಿಯನ್ನು ಮುಂದಿನ ಋತುವಿನವರೆಗೆ ತಾವೇ ಕಾಪಿಡುವ ಗ್ಯಾರೇಜುಗಳು ಜರ್ಮನಿಯಲ್ಲಿ ಎಲ್ಲ ಊರಿನಲ್ಲೂ ಇವೆ, ಅಕ್ಟೋಬರಿನ ಸರದಿಗೆ ಸೆಪ್ಟೆಂಬರಿನಲ್ಲೇ ಹೆಸರು ಬರೆಸಿದರಾಯಿತು. ಗಂಟೆ ಲೆಕ್ಕದಲ್ಲಿ ಲಿಫ್ಟ್ ಬಾಡಿಗೆಗೆ ಕೊಡುವ ಗ್ಯಾರೇಜುಗಳೂ ಇವೆ. ಅಲ್ಲಿ ಬೋಲ್ಟುಗಳ ಕೆಲಸವನ್ನು ಎದೆಮಟ್ಟದಲ್ಲಿ ನಿಂತು ಮಾಡಬಹುದು, ಆದರೆ ಚಕ್ರ ತೆಗೆಯುವ, ಹಾಕುವ ಹೊತ್ತಿಗೆ ಲಿಫ್ಟನ್ನು ಟೈರ್ ನೆಲಕ್ಕೆ ತಾಗುವಷ್ಟು ಕೆಳಗಿಳಿಸಬೇಕು. ಬಯಲು ಸೀಮೆಯ ನಗರದಲ್ಲಿದ್ದು, ವರ್ಷಕ್ಕೆ ಕೆಲವೇ ಸಾವಿರ ಕಿಲೋಮೀಟರ್ ಓಡಿಸಿ, ಹಿಮ ಬಿದ್ದ ದಿನ ರೈಲು ಹತ್ತುವವರಿಗೆ ಬೆಟ್ಟ-ಹಿಮಹರಳಿನ ಗುರುತಿರುವ ಸರ್ವಋತು ಟೈರ್ ಸಾಕು, ಈ ಕೆಲಸವೇ ಇಲ್ಲವಾಗುತ್ತದೆ. ಆಲ್ಪ್ಸ್ ಬುಡದಲ್ಲಿರುವವರಿಗೆ, ಸ್ಕೀಯಿಂಗ್‌ಗೆ ಹೋಗುವವರಿಗೆ ಅದು ಸಾಲದು.

50 ಕಿಲೋಮೀಟರ್ ಆದ ಮೇಲೆ

ಮೊದಲ ಓಟದಲ್ಲಿ ಹಬ್ಬಿನ ಮುಖದ ಸಣ್ಣ ತುಕ್ಕು, ಬಣ್ಣ ಅದುಮಿಕೊಂಡು ಬೋಲ್ಟ್ ಸ್ವಲ್ಪ ಸಡಿಲವಾಗಬಹುದು. ಹಾಗಾಗಿ 50 ಕಿಲೋಮೀಟರ್ ಓಡಿಸಿ ಟಾರ್ಕ್ ಮತ್ತೆ ನೋಡಬೇಕು. ಮಣೆಯೂ ರೆಂಚೂ ಅಲ್ಲಿಯವರೆಗೆ ಡಿಕ್ಕಿಯಲ್ಲೇ ಇರಲಿ. ಕ್ಲಿಕ್ ಅನ್ನುವ ಮೊದಲು ಬೋಲ್ಟ್ ಕೂದಲೆಳೆಯಷ್ಟು ತಿರುಗಿದರೆ ಪರವಾಗಿಲ್ಲ. ಕಾಲು ಸುತ್ತು ತಿರುಗಿದರೆ ಆ ಚಕ್ರ ಸರಿಯಾಗಿ ಕೂತಿಲ್ಲ, ಬಿಚ್ಚಿ ಹಬ್ಬು ಉಜ್ಜಿ ಮತ್ತೆ ಹಾಕಿ. ಅದೇ ಹೊತ್ತಿಗೆ ಬಾಗಿಲ ಚೌಕಟ್ಟಿನಲ್ಲೋ ಪೆಟ್ರೋಲ್ ಮುಚ್ಚಳದ ಒಳಗೋ ಬರೆದಿರುವ ಅಳತೆಗೆ ಗಾಳಿ ತುಂಬಿ, ಟೈರ್ ಒತ್ತಡದ ಎಚ್ಚರಿಕೆ ವ್ಯವಸ್ಥೆಯನ್ನು ರೀಸೆಟ್ ಮಾಡಿ. ಯೂರೋಪಿನಲ್ಲಿ 2014ರ ನವೆಂಬರ್‌ನಿಂದ ಎಲ್ಲ ಹೊಸ ಕಾರುಗಳಲ್ಲೂ ಅದು ಇದೆ. ಚಕ್ರದೊಳಗೆ ಸೆನ್ಸರ್ ಇರುವ ಬಗೆಯಾದರೆ ಹೊಸ ಜೋಡಿಯನ್ನು ಗುರುತಿಸಲು ಕೆಲವು ಕಿಲೋಮೀಟರ್ ಬೇಕಾಗಬಹುದು. ಕೆಲಸ ಮುಗಿದ ಮೇಲೆ ಟಾರ್ಕ್ ರೆಂಚಿನ ಅಂಕಿಯನ್ನು ಅತಿ ಕೆಳಕ್ಕೆ ತಿರುಗಿಸಿಟ್ಟುಬಿಡಿ. ಬಿಗಿದಿಟ್ಟರೆ ಒಳಗಿನ ಸ್ಪ್ರಿಂಗ್ ಸೋತು ಏಪ್ರಿಲ್ ಹೊತ್ತಿಗೆ ತಪ್ಪು ಅಳತೆ ತೋರಿಸುತ್ತದೆ.